ಊರಿನವರೆಲ್ಲ ಜನವರಿ 1ರಂದೇ ಹುಟ್ಟಿದರೇ? ನಾವು ಹೇಳದ್ದನ್ನು ಕಂಪ್ಯೂಟರ್ ತುಂಬಿಕೊಳ್ಳುವುದು ಹೀಗೆ

"ಈ ಹಳ್ಳಿಯಲ್ಲಿ ಎಲ್ಲರ ಆಧಾರ್ ಕಾರ್ಡಿನಲ್ಲೂ ಹುಟ್ಟಿದ ದಿನ ಜನವರಿ 1! ಎಲ್ಲವೂ ನಕಲಿ ಕಾರ್ಡುಗಳು. ಎಲ್ಲರಿಗೂ ಕಳಿಸಿ." ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. 2017ರಲ್ಲಿ ಉತ್ತರಾಖಂಡ ಮತ್ತು ಉತ್ತರ ಪ್ರದೇಶದ ಹಳ್ಳಿಗಳಿಂದ ಇಂಥದ್ದೇ ಸುದ್ದಿ ಪತ್ರಿಕೆಗಳಲ್ಲೂ ಬಂದಿತ್ತು. ಹಲವರ ಕಾರ್ಡಿನಲ್ಲಿ ಅದೇ ದಿನಾಂಕ ಇದ್ದದ್ದು ನಿಜ. ಆದರೆ "ಅಂದರೆ ಕಾರ್ಡುಗಳು ನಕಲಿ" ಎಂಬ ತೀರ್ಮಾನ ತಪ್ಪು.

ಚಿಕ್ಕದಾಗಿ ಹೇಳುವುದಾದರೆ: ನೋಂದಣಿ ಮಾಡಿಸುವವರಿಗೆ ತಮ್ಮ ಹುಟ್ಟಿದ ದಿನ ಗೊತ್ತಿರಲಿಲ್ಲ, ವಯಸ್ಸು ಮಾತ್ರ ಹೇಳಿದರು. ವಯಸ್ಸಿನಿಂದ ಇಸವಿ ಸಿಕ್ಕಿತು. ತಿಂಗಳು ಮತ್ತು ದಿನದ ಜಾಗದಲ್ಲಿ ಜನವರಿ 1 ತಾನಾಗಿ ಬಂದು ಕೂತಿತು. ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ 'ಡಿಫಾಲ್ಟ್ ಮೌಲ್ಯ' ಎನ್ನುತ್ತಾರೆ.

ಕರ್ನಾಟಕದವರಿಗೆ ಇದು ಹೊಸತೇನಲ್ಲ. ಜೂನ್ 1ರಂದು ಫೇಸ್‌ಬುಕ್ ತೆರೆದು ನೋಡಿ. ಅವತ್ತು ಹುಟ್ಟುಹಬ್ಬ ಇರುವ ಹಿರಿಯರು ಎಷ್ಟೊಂದು ಜನ! ಶಾಲೆ ಶುರುವಾಗುವುದು ಜೂನ್‌ನಲ್ಲಿ. ಮಗುವನ್ನು ಸೇರಿಸಲು ಬಂದ ಅಪ್ಪ-ಅಮ್ಮನಿಗೆ ಹುಟ್ಟಿದ ತಾರೀಖು ಗೊತ್ತಿಲ್ಲದಿದ್ದರೆ ಮೇಷ್ಟ್ರು ಲೆಕ್ಕ ಹಾಕಿ ಒಂದು ಇಸವಿ ಹಿಡಿದು, ಮುಂದೆ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಕಂಪ್ಯೂಟರ್ ಇಲ್ಲದ ಕಾಲದ ಡಿಫಾಲ್ಟ್ ಮೌಲ್ಯ ಅದು.

ಈ ಡಿಫಾಲ್ಟ್ ಎಂಬುದು ಪ್ರೋಗ್ರಾಮಿನೊಳಗೆ ಹೇಗೆ ಕೆಲಸ ಮಾಡುತ್ತದೆ? ಅದರಿಂದ ಲಾಭವೇನು, ಎಡವಟ್ಟು ಎಲ್ಲಿ? ನೋಡೋಣ. ಕೋಡ್ ಬರೆದು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಹೋಟೆಲಿನಲ್ಲಿ ಕಾಫಿ ಹೇಳಿ ಗೊತ್ತಿದ್ದರೆ ಸಾಕು.

ಡಿಫಾಲ್ಟ್ ಎಂದರೇನು?

ಹೋಟೆಲಿಗೆ ಹೋಗಿ "ಒಂದು ಕಾಫಿ ಕೊಡಿ" ಎನ್ನುತ್ತೀರಿ. ಸಕ್ಕರೆ ಎಷ್ಟು ಎಂದು ನೀವು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಆದರೂ ಸಕ್ಕರೆ ಹಾಕಿದ ಕಾಫಿಯೇ ಬರುತ್ತದೆ. ಬೇರೆ ಥರ ಬೇಕಾದವರು ಮಾತ್ರ "ಸಕ್ಕರೆ ಬೇಡ", "ಸ್ಟ್ರಾಂಗ್ ಇರಲಿ", "ಬೈ ಟು ಮಾಡಿ" ಎಂದು ಸೇರಿಸಿ ಹೇಳುತ್ತಾರೆ.

ಅಂದರೆ ನೀವು ಏನೂ ಹೇಳದಿದ್ದಾಗಲೂ ಒಂದು ತೀರ್ಮಾನ ಆಗಿಯೇ ಇರುತ್ತದೆ. ಅದನ್ನು ನಿಮ್ಮ ಪರವಾಗಿ ಮೊದಲೇ ಮತ್ತೊಬ್ಬರು ಮಾಡಿಟ್ಟಿರುತ್ತಾರೆ. ಅದೇ ಡಿಫಾಲ್ಟ್. ಕನ್ನಡದಲ್ಲಿ 'ಪೂರ್ವನಿಯೋಜಿತ' ಎಂಬ ಪದವೂ ಬಳಕೆಯಲ್ಲಿದೆ.

ಸಾಲ ಕಟ್ಟದವರನ್ನು 'ಡಿಫಾಲ್ಟರ್' ಎನ್ನುತ್ತೇವಲ್ಲ, ಪದ ಅದೇ. ಮಾಡಬೇಕಾದ್ದನ್ನು ಮಾಡದೆ ಬಿಡುವುದು ಅದರ ಹಳೆಯ ಅರ್ಥ. ನೀವು ಏನನ್ನೂ ಆರಿಸದೆ ಬಿಟ್ಟಾಗ ಯಾವುದು ಜಾರಿಗೆ ಬರುತ್ತದೋ ಅದು ಕಂಪ್ಯೂಟರಿನ ಡಿಫಾಲ್ಟ್.

ಪ್ರೋಗ್ರಾಮಿನಲ್ಲಿ ಇದು ಹೇಗೆ ಕಾಣುತ್ತದೆ?

ಪ್ರೋಗ್ರಾಮ್ ಬರೆಯುವವರು ಕೆಲಸವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿಕೊಳ್ಳುತ್ತಾರೆ. ಒಂದೊಂದು ತುಂಡಿಗೆ 'ಫಂಕ್ಷನ್' ಎಂದು ಹೆಸರು. ಆ ಕೆಲಸ ಮಾಡಲು ಕೊಡಬೇಕಾದ ವಿವರಗಳೇ 'ಪ್ಯಾರಾಮೀಟರ್'. ನಮ್ಮ ಕಾಫಿಯನ್ನು ಹೀಗೆ ಬರೆಯಬಹುದು:

ಕಾಫಿ_ಮಾಡು(ಎಷ್ಟು, ಸಕ್ಕರೆ = 2, ಡಿಕಾಕ್ಷನ್ = "ಸಾಧಾರಣ")

ಇಲ್ಲಿ ಮೂರು ಪ್ಯಾರಾಮೀಟರ್ ಇವೆ. 'ಎಷ್ಟು' ಎಂಬುದಕ್ಕೆ ಡಿಫಾಲ್ಟ್ ಇಲ್ಲ, ಅದನ್ನು ಹೇಳಲೇಬೇಕು. ಸಕ್ಕರೆ ಮತ್ತು ಡಿಕಾಕ್ಷನ್ ಮುಂದೆ 'ಸಮ' ಚಿಹ್ನೆ ಹಾಕಿ ಒಂದೊಂದು ಮೌಲ್ಯ ಬರೆದಿದೆ. ಆದ್ದರಿಂದ ಅವು ಐಚ್ಛಿಕ: ಹೇಳಿದರೆ ಹೇಳಿದಷ್ಟು, ಹೇಳದಿದ್ದರೆ ಅಲ್ಲಿ ಬರೆದಷ್ಟು. ಇದನ್ನು ಬೇರೆ ಬೇರೆ ರೀತಿ ಕರೆದರೆ ಏನಾಗುತ್ತದೆ ನೋಡಿ:

- ಕಾಫಿ_ಮಾಡು(1): ಒಂದು ಕಾಫಿ, 2 ಚಮಚ ಸಕ್ಕರೆ, ಸಾಧಾರಣ ಡಿಕಾಕ್ಷನ್.
- ಕಾಫಿ_ಮಾಡು(1, ಸಕ್ಕರೆ = 0): ಒಂದು ಕಾಫಿ, ಸಕ್ಕರೆ ಇಲ್ಲ.
- ಕಾಫಿ_ಮಾಡು(2, ಡಿಕಾಕ್ಷನ್ = "ಸ್ಟ್ರಾಂಗ್"): ಎರಡು ಸ್ಟ್ರಾಂಗ್ ಕಾಫಿ, ಸಕ್ಕರೆ ಎಂದಿನಂತೆ.
- ಕಾಫಿ_ಮಾಡು(): ಇದು ತಪ್ಪು. ಎಷ್ಟು ಕಾಫಿ ಎಂದೇ ಹೇಳಿಲ್ಲ. ಪ್ರೋಗ್ರಾಮ್ ಇಲ್ಲಿ ನಿಂತುಬಿಡುತ್ತದೆ.

ಪೈಥಾನ್, ಸಿ ಪ್ಲಸ್ ಪ್ಲಸ್ ಮುಂತಾದ ಭಾಷೆಗಳಲ್ಲಿ ಒಂದು ನಿಯಮವಿದೆ: ಹೇಳಲೇಬೇಕಾದವು ಮೊದಲು, ಐಚ್ಛಿಕವಾದವು ಆಮೇಲೆ. ಕಾರಣ ಸರಳ. ಐಚ್ಛಿಕವಾದದ್ದು ಮುಂದೆ ಇದ್ದು, ನೀವು ಬರೀ '1' ಎಂದು ಕೊಟ್ಟರೆ, ಅದು ಒಂದು ಚಮಚ ಸಕ್ಕರೆಯೋ ಒಂದು ಕಾಫಿಯೋ ಎಂದು ತಿಳಿಯುವುದು ಹೇಗೆ?

ಇದರಿಂದ ಏನು ಲಾಭ?

ಮೊದಲ ಲಾಭ ಎಲ್ಲರಿಗೂ ಕಾಣುವಂಥದ್ದು: ಬರೆಯುವುದು ಕಡಿಮೆ. ಹತ್ತು ಪ್ಯಾರಾಮೀಟರ್ ಇರುವ ಫಂಕ್ಷನ್‌ಗೆ ಪ್ರತಿ ಸಲವೂ ಹತ್ತನ್ನೂ ಕೊಡುತ್ತ ಕೂರಬೇಕಿಲ್ಲ.

ಎರಡನೆಯದು ಹೊರಗಿನವರಿಗೆ ಕಾಣದ, ಆದರೆ ಇನ್ನೂ ದೊಡ್ಡ ಲಾಭ. ಕಾಫಿ_ಮಾಡು ಎಂಬ ಫಂಕ್ಷನ್ನನ್ನು ಪ್ರೋಗ್ರಾಮಿನಲ್ಲಿ ಸಾವಿರ ಕಡೆ ಬಳಸಿದ್ದಾರೆ ಎಂದುಕೊಳ್ಳಿ. ಈಗ ಗಿರಾಕಿಗಳು ಬೆಲ್ಲದ ಕಾಫಿ ಕೇಳತೊಡಗಿದ್ದಾರೆ. 'ಸಿಹಿ' ಎಂಬ ಹೊಸ ಪ್ಯಾರಾಮೀಟರ್ ಸೇರಿಸಬೇಕು. ಡಿಫಾಲ್ಟ್ ಕೊಡದೆ ಸೇರಿಸಿದರೆ ಆ ಸಾವಿರ ಕಡೆಯೂ ತಿದ್ದಬೇಕು. ಪಟ್ಟಿಯ ಕೊನೆಯಲ್ಲಿ ಸಿಹಿ = "ಸಕ್ಕರೆ" ಎಂದು ಸೇರಿಸಿದರೆ ಹಳೆಯ ಸಾವಿರ ಆರ್ಡರ್ ಹಾಗೆಯೇ ನಡೆಯುತ್ತವೆ. ಬೆಲ್ಲ ಬೇಕಾದವರು ಮಾತ್ರ ಸಿಹಿ = "ಬೆಲ್ಲ" ಎಂದು ಹೇಳುತ್ತಾರೆ. ನಿಮ್ಮ ಫೋನಿನ ಆ್ಯಪ್‌ಗಳಿಗೆ ಹೊಸ ಸೌಲಭ್ಯ ಬಂದರೂ ಹಳೆಯವು ಮುರಿದುಬೀಳದಿರಲು ಇಂಥ ಉಪಾಯವೂ ಒಂದು ಕಾರಣ.

ಹಾಗೆಂದು ಎಲ್ಲ ಭಾಷೆಗಳೂ ಇದನ್ನು ಒಪ್ಪಿಕೊಂಡಿಲ್ಲ. ಜಾವಾಸ್ಕ್ರಿಪ್ಟ್‌ಗೆ ಇದು ಬಂದದ್ದು 2015ರ ಆವೃತ್ತಿಯಲ್ಲಿ. ಜಾವಾದಲ್ಲಿ ಇಂದಿಗೂ ಇಲ್ಲ. ಅಲ್ಲಿ ಒಂದೇ ಹೆಸರಿನ ಬೇರೆ ಬೇರೆ ಫಂಕ್ಷನ್ ಬರೆದು ಸುಧಾರಿಸಿಕೊಳ್ಳುತ್ತಾರೆ. ಗೂಗಲ್‌ನಲ್ಲಿ ಹುಟ್ಟಿದ 'ಗೋ' ಭಾಷೆಯವರು ಇದನ್ನು ಬೇಕೆಂದೇ ಬಿಟ್ಟಿದ್ದಾರೆ. ಸುಲಭವಾಗಿ ಸಿಗುತ್ತದೆ ಎಂದು ಜನ ಪ್ಯಾರಾಮೀಟರ್ ಮೇಲೆ ಪ್ಯಾರಾಮೀಟರ್ ಪೇರಿಸುತ್ತ ಹೋಗುತ್ತಾರೆ, ಕೆಟ್ಟ ವಿನ್ಯಾಸಕ್ಕೆ ತೇಪೆ ಹಾಕುತ್ತಾರೆ ಎಂಬುದು ಅವರ ವಾದ.

ಆ ವಾದದಲ್ಲಿ ಹುರುಳಿದೆ. ಡಿಫಾಲ್ಟ್ ಕೈಕೊಡುವ ಮೂರು ಬಗೆಗಳನ್ನು ನೋಡಿದರೆ ಗೊತ್ತಾಗುತ್ತದೆ.

ಎಡವಟ್ಟು 1: 'ಬೇಡ' ಎಂದದ್ದನ್ನು 'ಹೇಳಲಿಲ್ಲ' ಎಂದುಕೊಳ್ಳುವುದು

2015ಕ್ಕೂ ಮೊದಲು ಜಾವಾಸ್ಕ್ರಿಪ್ಟ್ ಬರೆಯುವವರು ಡಿಫಾಲ್ಟ್ ಕೊಡಲು ಒಂದು ಅಡ್ಡದಾರಿ ಹಿಡಿಯುತ್ತಿದ್ದರು. "ಸಕ್ಕರೆ ಎಷ್ಟು ಎಂದು ಕೊಟ್ಟಿದ್ದರೆ ಅದನ್ನು ತಗೋ, ಇಲ್ಲದಿದ್ದರೆ 2 ತಗೋ" ಎಂಬರ್ಥದ ಒಂದು ಸಾಲು. ನೋಡಲು ಸರಿಯಾಗಿಯೇ ಇದೆ. ಆದರೆ ಆ ಭಾಷೆಯಲ್ಲಿ ಸೊನ್ನೆಯೂ 'ಇಲ್ಲ' ಎಂಬ ಗುಂಪಿಗೇ ಸೇರುತ್ತದೆ. ಹಾಗಾಗಿ ನೀವು ಸಕ್ಕರೆ 0 ಎಂದು ಸ್ಪಷ್ಟವಾಗಿ ಹೇಳಿದರೂ ಪ್ರೋಗ್ರಾಮ್ "ಏನೂ ಹೇಳಿಲ್ಲ" ಎಂದುಕೊಂಡು 2 ಚಮಚ ಹಾಕಿಬಿಡುತ್ತದೆ.

ಸಕ್ಕರೆ ಕಾಯಿಲೆ ಇರುವವರ ಲೋಟದಲ್ಲಿ ಈ ತಪ್ಪಾದರೆ ಏನರ್ಥ ಎಂದು ಹೇಳಬೇಕಿಲ್ಲ. ರಿಯಾಯಿತಿ 0, ಬಾಕಿ 0, ಶಬ್ದ 0 ಎಂದು ಕೊಡುವ ಯಾವ ಕಡೆ ಬೇಕಾದರೂ ಇದೇ ಎಡವಟ್ಟು ಆಗಬಹುದು. ಹೊಸ ಆವೃತ್ತಿಯ ಡಿಫಾಲ್ಟ್ ಪ್ಯಾರಾಮೀಟರ್‌ಗಳಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಸೊನ್ನೆ ಎಂದರೆ ಸೊನ್ನೆಯೇ.

ಎಡವಟ್ಟು 2: ಎಲ್ಲ ಗಿರಾಕಿಗಳಿಗೂ ಒಂದೇ ಚೀಟಿ

ಇದು ಪೈಥಾನ್ ಕಲಿಯುವವರು ತಪ್ಪದೆ ಎಡವುವ ಕಲ್ಲು. ಕಿರಾಣಿ ಅಂಗಡಿಯ ಲೆಕ್ಕಕ್ಕೆ ಒಂದು ಫಂಕ್ಷನ್ ಬರೆದಿದ್ದೇವೆ ಎಂದುಕೊಳ್ಳೋಣ:

ಸಾಮಾನು_ಬರೆ(ವಸ್ತು, ಚೀಟಿ = ಖಾಲಿ ಪಟ್ಟಿ)

ಚೀಟಿ ಕೊಡದಿದ್ದರೆ ಹೊಸ ಖಾಲಿ ಚೀಟಿಯಲ್ಲಿ ಬರೆಯಲಿ ಎಂಬುದು ನಮ್ಮ ಆಸೆ. ಮೊದಲ ಗಿರಾಕಿ ಅಕ್ಕಿ ಹೇಳಿದರು, ಚೀಟಿಯಲ್ಲಿ 'ಅಕ್ಕಿ' ಬಂತು. ಎರಡನೆಯವರು ಬಂದು ಬೇಳೆ ಹೇಳಿದರು. ಅವರ ಚೀಟಿಯಲ್ಲಿ 'ಅಕ್ಕಿ, ಬೇಳೆ' ಎಂದು ಬಂತು! ಹಿಂದಿನವರ ಅಕ್ಕಿ ಇವರ ಲೆಕ್ಕಕ್ಕೆ ಸೇರಿತು.

ಯಾಕೆ ಹೀಗೆ? ಪೈಥಾನ್ ಡಿಫಾಲ್ಟ್ ಮೌಲ್ಯವನ್ನು ಪ್ರತಿ ಸಲ ಹೊಸದಾಗಿ ಮಾಡುವುದಿಲ್ಲ. ಫಂಕ್ಷನ್ನನ್ನು ಮೊದಲು ಓದಿಕೊಳ್ಳುವಾಗ ಒಂದೇ ಒಂದು ಖಾಲಿ ಚೀಟಿ ಹರಿದಿಟ್ಟುಕೊಳ್ಳುತ್ತದೆ. ಚೀಟಿ ತರದೆ ಬಂದವರಿಗೆಲ್ಲ ಅದೇ ಚೀಟಿ. ಪರಿಹಾರವೂ ಸುಲಭ: ಡಿಫಾಲ್ಟ್ ಆಗಿ ಖಾಲಿ ಚೀಟಿಯ ಬದಲು "ಚೀಟಿ ಕೊಟ್ಟಿಲ್ಲ" ಎಂಬ ಗುರುತನ್ನಷ್ಟೇ ಇಡುವುದು, ಫಂಕ್ಷನ್ ಒಳಗೆ ಆ ಗುರುತು ಕಂಡಾಗ ಹೊಸ ಚೀಟಿ ಹರಿಯುವುದು. ಜಾವಾಸ್ಕ್ರಿಪ್ಟ್‌ನಲ್ಲಿ ಪ್ರತಿ ಕರೆಗೂ ಹೊಸ ಚೀಟಿ ಬರುತ್ತದೆ. ಒಂದು ಭಾಷೆಯ ಅಭ್ಯಾಸವನ್ನು ಇನ್ನೊಂದಕ್ಕೆ ಒಯ್ದರೆ ಪೆಟ್ಟು ಬೀಳುವುದು ಇಂಥಲ್ಲೇ.

ಎಡವಟ್ಟು 3: ಗೊತ್ತಿಲ್ಲದ್ದು ಗೊತ್ತಿರುವಂತೆ ಕಾಣುವುದು

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಇಲ್ಲಿ ಪ್ರೋಗ್ರಾಮ್ ತಪ್ಪು ಮಾಡುವುದೇ ಇಲ್ಲ. ಬರೆದಂತೆ ಸರಿಯಾಗಿಯೇ ನಡೆಯುತ್ತದೆ.

ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಪಾಟ್ವಿನ್ ಎಂಬ ಪುಟ್ಟ ಊರಿನ ಹತ್ತಿರ ಒಂದು ತೋಟದ ಮನೆ ಇದೆ. ಅಲ್ಲಿಗೆ ವರ್ಷಗಟ್ಟಲೆ ಪೊಲೀಸರು, ತೆರಿಗೆ ಅಧಿಕಾರಿಗಳು, ಆಂಬುಲೆನ್ಸ್, ಸಿಟ್ಟಿಗೆದ್ದ ಅಪರಿಚಿತರು ಬರುತ್ತಲೇ ಇದ್ದರು. ಕದ್ದ ಫೋನ್ ಇಲ್ಲಿದೆ, ಮೋಸದ ಇಮೇಲ್ ಇಲ್ಲಿಂದ ಬಂದಿದೆ, ಆತ್ಮಹತ್ಯೆ ಮಾಡಿಕೊಳ್ಳುತ್ತೇನೆ ಎಂದವರು ಇಲ್ಲಿದ್ದಾರೆ ಎಂದು ಹುಡುಕಿಕೊಂಡು. ಮನೆಯವರಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಕಾರಣ ಹೊರಬಿದ್ದದ್ದು 2016ರಲ್ಲಿ, ಒಂದು ಪತ್ರಿಕಾ ತನಿಖೆಯಿಂದ. ಇಂಟರ್ನೆಟ್‌ಗೆ ಸೇರಿದ ಪ್ರತಿ ಸಾಧನವೂ ಒಂದು ಐಪಿ ವಿಳಾಸದ ಮೂಲಕ ಗುರುತಾಗುತ್ತದೆ. ಆ ವಿಳಾಸ ಯಾವ ಊರಿನದು ಎಂದು ಅಂದಾಜು ಹೇಳುವ ಕಂಪನಿಗಳಿವೆ. ಮ್ಯಾಕ್ಸ್‌ಮೈಂಡ್ ಅವುಗಳಲ್ಲೊಂದು. "ಈ ವಿಳಾಸ ಅಮೆರಿಕದ್ದು, ಅದಕ್ಕಿಂತ ಹೆಚ್ಚು ಗೊತ್ತಿಲ್ಲ" ಎಂದಾಗ ಏನು ಕೊಡುವುದು? ದೇಶದ ನಡುಭಾಗದಲ್ಲಿ ಒಂದು ಸುಲಭದ ಅಂಕೆ ಆರಿಸಿ ಡಿಫಾಲ್ಟ್ ಮಾಡಿದರು: 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ. ನಕ್ಷೆಯಲ್ಲಿ ಆ ಬಿಂದು ಬಿದ್ದದ್ದು ಇದೇ ತೋಟದ ಜಾಗದಲ್ಲಿ. 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳಿಗೆ ಅದೇ ಬಿಂದು ಉತ್ತರವಾಗಿತ್ತು.

'ಗೊತ್ತಿಲ್ಲ' ಎಂದು ಹೇಳಬೇಕಾದ ಜಾಗದಲ್ಲಿ ನಿಖರವಾದ ವಿಳಾಸದಂತೆ ಕಾಣುವ ಉತ್ತರ ಹೋಯಿತು. ನೋಡಿದವರಿಗೆ ಎರಡರ ವ್ಯತ್ಯಾಸ ಕಾಣಲಿಲ್ಲ. ಮನೆಯವರು ಕೋರ್ಟಿಗೆ ಹೋದರು. ಕಂಪನಿ ಆ ಡಿಫಾಲ್ಟ್ ಬಿಂದುವನ್ನು ಒಂದು ಕೆರೆಯ ನೀರಿನ ಮಧ್ಯಕ್ಕೆ ಸರಿಸಿತು. ಅಲ್ಲಿ ಬಾಗಿಲು ಬಡಿಯಲು ಮನೆ ಇಲ್ಲವಲ್ಲ!

ನಿಮ್ಮ ಫೋನಿನಲ್ಲೂ ಇದರ ತಮ್ಮನೊಬ್ಬ ಇದ್ದಾನೆ. ಯಾವುದೋ ಫೋಟೊ ಅಥವಾ ಫೈಲಿನ ಮೇಲೆ "1 ಜನವರಿ 1970, ಬೆಳಿಗ್ಗೆ 5:30" ಎಂಬ ದಿನಾಂಕ ಕಂಡರೆ ಬೆಚ್ಚಬೇಡಿ. ಬಹಳಷ್ಟು ಕಂಪ್ಯೂಟರ್‌ಗಳು ಸಮಯವನ್ನು ಅಂತರರಾಷ್ಟ್ರೀಯ ಗಡಿಯಾರದ 1970ರ ಜನವರಿ 1ರ ಮಧ್ಯರಾತ್ರಿಯಿಂದ ಎಣಿಸುತ್ತವೆ. ದಿನಾಂಕ ಗೊತ್ತಿಲ್ಲದೆ ಅಲ್ಲಿ ಸೊನ್ನೆ ಕೂತರೆ ಆ ಕ್ಷಣವೇ ತೋರುತ್ತದೆ. ಭಾರತದ ಗಡಿಯಾರ ಐದೂವರೆ ಗಂಟೆ ಮುಂದಿರುವುದರಿಂದ ನಮಗೆ 5:30. ಅದು ಹಳೆಯ ಫೋಟೊ ಎಂಬುದಕ್ಕೆ ಸಾಕ್ಷಿಯಲ್ಲ, "ದಿನಾಂಕ ಸಿಕ್ಕಿಲ್ಲ" ಎಂಬುದರ ಗುರುತು.

ಜನವರಿ 1 ಮತ್ತು ಜೂನ್ 1 ಮಾಡುವ ತೊಂದರೆ

ಈಗ ಆಧಾರ್ ಸಂದೇಶಕ್ಕೆ ಮರಳೋಣ. ಅಲ್ಲಿ ಆದದ್ದೂ ಮೂರನೆಯ ಎಡವಟ್ಟೇ. ಆಧಾರ್ ನೋಂದಣಿಯಲ್ಲಿ ಹುಟ್ಟಿದ ದಿನಾಂಕವನ್ನು ಮೂರು ಬಗೆಯಾಗಿ ದಾಖಲಿಸುತ್ತಾರೆ: ದಾಖಲೆ ತೋರಿಸಿದ್ದು, ದಾಖಲೆ ಇಲ್ಲದೆ ಬಾಯಲ್ಲಿ ಹೇಳಿದ್ದು, ವಯಸ್ಸಿನಿಂದ ಅಂದಾಜು ಮಾಡಿದ್ದು. ಆದರೆ ಕೈಯಲ್ಲಿರುವ ಕಾರ್ಡಿನಲ್ಲಿ 01/01 ಎಂದು ಅಚ್ಚಾದ ಮೇಲೆ ಅದು ಅಂದಾಜೋ ನಿಜವೋ ಎಂದು ನೋಡುವವರಿಗೆ ತಿಳಿಯುವುದಿಲ್ಲ. ನಿಜವಾಗಿ ಜನವರಿ 1ರಂದು ಹುಟ್ಟಿದವರ ಕಾರ್ಡೂ ಹಾಗೆಯೇ ಕಾಣುತ್ತದೆ.

ಇದು ಬರೀ ಕಾಗದದ ವಿಷಯ ಅಲ್ಲ. ವೃದ್ಧಾಪ್ಯ ವೇತನ, ನಿವೃತ್ತಿ, ವಿಮೆ ಎಲ್ಲವೂ ವಯಸ್ಸಿನ ಮೇಲೆ ನಿಂತಿವೆ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ರಸ್ತೆ ಅಪಘಾತದ ಪ್ರಕರಣ ನೋಡಿ. ತೀರಿಕೊಂಡವರ ವಯಸ್ಸು ಶಾಲೆಯ ಪ್ರಮಾಣಪತ್ರದಂತೆ 45, ಆಧಾರ್‌ನಂತೆ 47. ಇಂಥ ಪರಿಹಾರದ ಲೆಕ್ಕದಲ್ಲಿ ವರ್ಷದ ಆದಾಯವನ್ನು ವಯಸ್ಸಿಗೆ ತಕ್ಕ ಒಂದು ಅಂಕೆಯಿಂದ ಗುಣಿಸುತ್ತಾರೆ. 41ರಿಂದ 45ರವರೆಗೆ ಅದು 14, 46ರಿಂದ 50ರವರೆಗೆ 13. ಅಂದರೆ ಎರಡು ವರ್ಷದ ವ್ಯತ್ಯಾಸದಲ್ಲಿ ಒಂದು ಕುಟುಂಬಕ್ಕೆ ಒಂದು ವರ್ಷದ ಆದಾಯದಷ್ಟು ಹಣ ಹೋಗಬಹುದು. ಆಧಾರ್ ಗುರುತಿನ ಪುರಾವೆ, ಹುಟ್ಟಿದ ದಿನಾಂಕದ ಪುರಾವೆಯಲ್ಲ ಎಂದ ಕೋರ್ಟ್ ಶಾಲೆಯ ಪ್ರಮಾಣಪತ್ರವನ್ನೇ ಒಪ್ಪಿತು.

ಆದರೆ ನಮ್ಮ ಹಿರಿಯರ ಶಾಲೆಯ ಪ್ರಮಾಣಪತ್ರದಲ್ಲಿ ಇರುವುದೂ ಬಹಳ ಸಲ ಮೇಷ್ಟ್ರ ಜೂನ್ 1! ಡಿಫಾಲ್ಟ್ ಒಮ್ಮೆ ದಾಖಲೆ ಸೇರಿದರೆ ಅದೇ ಸತ್ಯವಾಗಿ ಮುಂದಿನ ದಾಖಲೆಗಳಿಗೆ ಹರಿಯುತ್ತದೆ.

ಬದಲಿಸದೆ ಬಿಟ್ಟ ಪಾಸ್‌ವರ್ಡ್

ಡಿಫಾಲ್ಟ್ ಬರೀ ದಿನಾಂಕದಲ್ಲಿಲ್ಲ, ಮನೆಯ ಸಿಸಿ ಕ್ಯಾಮೆರಾದಲ್ಲೂ ವೈಫೈ ಪೆಟ್ಟಿಗೆಯಲ್ಲೂ ಇದೆ. ಕಾರ್ಖಾನೆಯಿಂದ ಬರುವಾಗಲೇ ಬಳಕೆದಾರರ ಹೆಸರು 'ಅಡ್ಮಿನ್', ಪಾಸ್‌ವರ್ಡೂ 'ಅಡ್ಮಿನ್' ಎಂದು ಇಟ್ಟಿರುವ ಸಾಧನಗಳು ಎಷ್ಟೋ. 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶ ಮಾಡಿದ್ದು ಇಷ್ಟೇ: ಇಂಥ ಅರವತ್ತು ಚಿಲ್ಲರೆ ಡಿಫಾಲ್ಟ್ ಜೋಡಿಗಳ ಪಟ್ಟಿ ಹಿಡಿದು ಇಂಟರ್ನೆಟ್ ತುಂಬ ಬಾಗಿಲು ತಳ್ಳುತ್ತ ಹೋಯಿತು. ಲಕ್ಷಾಂತರ ಸಾಧನಗಳು ಕೈವಶವಾದವು. ಅಕ್ಟೋಬರ್ 21ರಂದು ಹೀಗೆ ವಶವಾದ ಸಾಧನಗಳಿಂದ 'ಡಿನ್' ಎಂಬ ಕಂಪನಿಯ ಮೇಲೆ ದಾಳಿ ನಡೆದು, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವೆಡೆ ಗಂಟೆಗಟ್ಟಲೆ ತೆರೆಯಲಿಲ್ಲ. 2024ರ ಏಪ್ರಿಲ್‌ನಿಂದ ಬ್ರಿಟನ್ನಿನಲ್ಲಿ ಎಲ್ಲ ಸಾಧನಕ್ಕೂ ಒಂದೇ ಡಿಫಾಲ್ಟ್ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ ಎಂಬ ಕಾನೂನು ಜಾರಿಯಲ್ಲಿದೆ.

ಒಳ್ಳೆಯ ಡಿಫಾಲ್ಟ್ ಹೇಗಿರಬೇಕು?

ನೀವು ಅಥವಾ ನಿಮ್ಮ ಮಕ್ಕಳು ಕೋಡ್ ಕಲಿಯುತ್ತಿದ್ದರೆ ಮೂರು ಮಾತು ನೆನಪಿಡಿ.

1. ಮರೆತವರಿಗೂ ಕೇಡಾಗದಂಥದ್ದು ಡಿಫಾಲ್ಟ್ ಆಗಿರಲಿ. 'ಅಳಿಸು' ಎಂಬ ಫಂಕ್ಷನ್‌ನಲ್ಲಿ 'ಕೇಳಿ ಅಳಿಸು' ಡಿಫಾಲ್ಟ್ ಆಗಿರಬೇಕು, 'ಕೇಳದೆ ಅಳಿಸು' ಅಲ್ಲ.
2. ಊಹಿಸಲಾಗದ್ದಕ್ಕೆ ಡಿಫಾಲ್ಟ್ ಕೊಡಬೇಡಿ. ಹಣ ಯಾರಿಗೆ ಹೋಗಬೇಕು, ಔಷಧಿ ಎಷ್ಟು ಪ್ರಮಾಣ, ಇವನ್ನು ಕೇಳಲೇಬೇಕು. ಹೇಳದಿದ್ದರೆ ಪ್ರೋಗ್ರಾಮ್ ನಿಲ್ಲಲಿ.
3. 'ಗೊತ್ತಿಲ್ಲ' ಎಂಬುದಕ್ಕೆ ಬೇರೆಯೇ ಗುರುತು ಇರಲಿ. ಅದು ನಿಜವಾದ ಉತ್ತರದಂತೆ ಕಾಣಬಾರದು.

ನೀವೇನು ಮಾಡಬಹುದು?

- ಹೊಸ ವೈಫೈ, ಕ್ಯಾಮೆರಾ ತಂದ ದಿನವೇ ಅದರ ಪಾಸ್‌ವರ್ಡ್ ಬದಲಿಸಿ. ಹಾಕಲು ಬಂದ ಹುಡುಗನ ಕೈಲೇ ಮಾಡಿಸಿಕೊಳ್ಳಬೇಡಿ, ನೀವೇ ಹೊಸದನ್ನು ಟೈಪ್ ಮಾಡಿ.
- ವಾಟ್ಸಾಪ್‌ನ ಸೆಟ್ಟಿಂಗ್‌ನಲ್ಲಿ ಪ್ರೈವಸಿ ತೆರೆದು ಗುಂಪುಗಳ ಆಯ್ಕೆ ನೋಡಿ. ನೀವು ಮುಟ್ಟದಿದ್ದರೆ ಯಾರು ಬೇಕಾದರೂ ನಿಮ್ಮನ್ನು ಗುಂಪಿಗೆ ಸೇರಿಸಬಹುದು ಎಂದಿರುತ್ತದೆ. 'ನನ್ನ ಸಂಪರ್ಕಗಳು' ಎಂದು ಬದಲಿಸಿಕೊಳ್ಳಿ.
- ಮನೆಯ ಹಿರಿಯರ ಆಧಾರ್, ಶಾಲೆ ಪ್ರಮಾಣಪತ್ರ, ಪಿಂಚಣಿ ದಾಖಲೆಗಳನ್ನು ಒಟ್ಟಿಗೆ ಇಟ್ಟು ಹುಟ್ಟಿದ ದಿನಾಂಕ ಹೋಲಿಸಿ. ಬೇರೆ ಬೇರೆ ಇದ್ದರೆ, ತೊಂದರೆ ಎದುರಾಗುವ ಮೊದಲೇ ದಾಖಲೆಯೊಂದಿಗೆ ಆಧಾರ್ ಕೇಂದ್ರಕ್ಕೆ ಹೋಗಿ. ಹುಟ್ಟಿದ ದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ, ಆದ್ದರಿಂದ ಸರಿಯಾದ ದಾಖಲೆ ಕೈಯಲ್ಲಿದ್ದಾಗಲೇ ಬಳಸಿ.
- ಯಾವುದೇ ಅರ್ಜಿಯಲ್ಲಿ ಮೊದಲೇ ಟಿಕ್ ಆಗಿರುವ ಚೌಕಗಳನ್ನು ಓದಿ ಮುಂದೆ ಹೋಗಿ. ಆ ಟಿಕ್ ಹಾಕಿದವರು ನೀವಲ್ಲ.

ಕೊನೆಯದಾಗಿ

"ಊರಿನವರೆಲ್ಲ ಜನವರಿ 1ರಂದು ಹುಟ್ಟಿದ್ದಾರೆ, ಹಾಗಾಗಿ ಕಾರ್ಡುಗಳು ನಕಲಿ" ಎಂಬ ಸಂದೇಶದಲ್ಲಿ ಮೊದಲರ್ಧ ನಿಜವಿರಬಹುದು, ಎರಡನೆಯರ್ಧ ತಪ್ಪು. ಕಾರ್ಡು ಅಸಲಿ, ಜನರೂ ಅಸಲಿ, ದಿನಾಂಕ ಮಾತ್ರ ಅಂದಾಜು. ಮುಂದಿನ ಸಲ ತುಂಬ ಜನರಿಗೆ ಒಂದೇ ದಿನಾಂಕ, ಒಂದೇ ವಿಳಾಸ, ಒಂದೇ ಅಂಕೆ ಕಂಡಾಗ ಫಾರ್ವರ್ಡ್ ಒತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಯಾರಾದರೂ ಹೇಳಿದ್ದೋ, ಯಾರೂ ಹೇಳದಿದ್ದಾಗ ತಾನಾಗಿ ಬಂದು ಕೂತದ್ದೋ?